ಅಜ್ಜಿಯ ಕಣ್ಣೊಳಗೊಂದು ಬಾಗಿಲು

ಮಾರಿಕಣಿವೆ ಕೋಡಿ ಬಿದ್ದದ್ದು ನಿಮಗೆ ನೆನಪಿರಬಹುದು. 1907ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟೆಯಲ್ಲಿ 1933ರ ನಂತರ ನೀರು ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ! ವೇದಾವತಿಯ ವೈಭವ ನೋಡಲು ಹಿರಿಯೂರು, ಹೊಸದುರ್ಗದ ಕಡೆಯಿಂದ ಜನವೋ ಜನ. ನೀರು ನೋಡಿದವರಿಗಿಂತ ನೀರಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಂಡವರೇ ಹೆಚ್ಚೇನೋ.

ಆ ವಾರ ನಮ್ಮ ಹತ್ತನೇ ತರಗತಿಯ ಹುಡುಗನೊಬ್ಬನನ್ನು ಅವನ ತಂದೆ ಮನೆಗೆ ಕರೆತಂದರು. “ಮೇಷ್ಟ್ರೇ, ಎಸ್ಸೆಸ್ಸೆಲ್ಸಿ ವರ್ಷ. ಮೂರು ಹೊತ್ತೂ ಇವನಿಗೆ ಫೋಟೊದ್ದೇ ಧ್ಯಾನ. ನೀವೇ ಬುದ್ಧಿ ಹೇಳಿ” ಎಂದರು. ನಾನು ಮೊಬೈಲ್ ಇಸಿದುಕೊಂಡು ನೋಡಿದೆ. ಕೋಡಿಯ ಮುಂದೆ ನಿಂತ ಗೆಳೆಯರ ಮುಖಗಳು. ಒಂದಕ್ಕೆ ಕಂದು ಬಣ್ಣ, ಇನ್ನೊಂದಕ್ಕೆ ನೀಲಿ, ಮತ್ತೊಂದರಲ್ಲಿ ಕೆನ್ನೆ ಮೈದಾ ಹಿಟ್ಟಿನಷ್ಟು ನುಣುಪು. “ಇದು ನನ್ನ ಸ್ಟೈಲು ಸಾರ್” ಎಂದ ಹುಡುಗ.

“ಇದು ನಿನ್ನದಲ್ಲ ಕಣೋ, ಫೋನ್ ತಯಾರಿಸಿದವರದು” ಎಂದೆ. ಮುಖ ಸಣ್ಣದಾಯಿತು. ಆದರೆ ಬಿಡು ಎನ್ನಲು ನನಗೆ ಮನಸ್ಸು ಬರಲಿಲ್ಲ. ಒಂದು ಒಪ್ಪಂದ ಮಾಡಿಕೊಂಡೆವು. ದಿನಕ್ಕೆ ಕಾಲು ಗಂಟೆ ಮಾತ್ರ. ಒಬ್ಬರೇ ವ್ಯಕ್ತಿ, ಒಂದೇ ಜಾಗ, ಒಂದೇ ದೂರ. ಬಣ್ಣ ಬಳಿಯುವಂತಿಲ್ಲ. ಹೀಗೆ ಒಂದು ತಿಂಗಳು.

ಇದರಲ್ಲಿ ವಿಜ್ಞಾನವೂ ಇದೆ, ಕೇಳಿ. ಹಿಂದೆ ನೀರು ಫಳಫಳ ಹೊಳೆಯುತ್ತಿದ್ದರೆ ಕ್ಯಾಮೆರಾ ಇಡೀ ಚಿತ್ರದ ಬೆಳಕನ್ನು ಲೆಕ್ಕ ಹಾಕಿ ‘ಬೆಳಕು ಜಾಸ್ತಿಯಾಯಿತು’ ಎಂದು ತಗ್ಗಿಸುತ್ತದೆ. ಮುಖ ಕಪ್ಪಾಗುತ್ತದೆ. ಅದೇ ವ್ಯಕ್ತಿಯನ್ನು ತಲೆಬಾಗಿಲಿನ ಒಳಗೆ, ನೇರ ಬಿಸಿಲು ಬೀಳದ ಕಡೆ ಕೂರಿಸಿ. ಒಂದು ಕೆನ್ನೆಗೆ ಬೆಳಕು, ಇನ್ನೊಂದಕ್ಕೆ ತೆಳು ನೆರಳು. ಮುಖಕ್ಕೆ ಅದರ ಉಬ್ಬುತಗ್ಗು ಮರಳಿ ಬರುತ್ತದೆ.

ಇನ್ನು ದೂರ. ಮೂಗಿನ ತುದಿಗಿಂತ ಕಿವಿ ಸುಮಾರು 12 ಸೆಂಟಿಮೀಟರ್ ಹಿಂದಿದೆ ಎಂದುಕೊಳ್ಳಿ. ಮೂಗಿನಿಂದ 30 ಸೆಂ.ಮೀ. ದೂರದಲ್ಲಿ ಫೋನ್ ಹಿಡಿದರೆ ಕಿವಿ 42 ಸೆಂ.ಮೀ. ದೂರವಾಯಿತು. ಅಂದರೆ ಕಿವಿಗೆ ಹೋಲಿಸಿದರೆ ಮೂಗು 1.4 ಪಟ್ಟು ಹಿಗ್ಗುತ್ತದೆ. ಒಂದೂವರೆ ಮೀಟರ್ ಹಿಂದೆ ಸರಿದರೆ ಇದು 1.08ಕ್ಕೆ ಇಳಿಯುತ್ತದೆ. ಸೆಲ್ಫಿಯಲ್ಲಿ ಮೂಗು ಮುಂದೆ ಬಂದು ಕಿವಿ ಮರೆಯಾಗುವ ಗುಟ್ಟು ಇಷ್ಟೆ.

ಆದರೆ ಬೆಳಕು, ದೂರ ಯಾರು ಬೇಕಾದರೂ ಕಲಿಯಬಹುದಾದ ಪಾಠ. ಹಾಗಾದರೆ ಸ್ವಂತ ಶೈಲಿ ಎಲ್ಲಿಂದ ಬರುತ್ತದೆ?

1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಅವರಿಗೆ ಮಗಳು ಕ್ಯಾಮೆರಾ ಕೊಟ್ಟಾಗ 48 ವರ್ಷ. ಅವರು ತೆಗೆದ ಮುಖಗಳು ಕೊಂಚ ಮಸುಕು. ಫೋಕಸ್ ಮಾಡಲು ಬಾರದು ಎಂದು ವಿಮರ್ಶಕರು ಆಡಿಕೊಂಡರು. ಆಕೆ ಜಗ್ಗಲಿಲ್ಲ, ತಮಗೆ ಮುಖ ಕಂಡ ಬಗೆಯನ್ನೇ ಹಿಡಿದರು. 1867ರಲ್ಲಿ ಅವರು ತೆಗೆದ ವಿಜ್ಞಾನಿ ಜಾನ್ ಹರ್ಷೆಲ್ ಅವರ ಚಿತ್ರ ಇಂದಿಗೂ ಪ್ರಸಿದ್ಧ. ಫೋಟೊ ಚಿತ್ರವನ್ನು ಸ್ಥಿರಗೊಳಿಸಲು ‘ಹೈಪೊ’ ಬಳಸಬಹುದೆಂದು ತೋರಿಸಿಕೊಟ್ಟವರು ಇದೇ ಹರ್ಷೆಲ್!

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರನ್ನೇ ನೋಡಿ. ಜನಸಾಮಾನ್ಯರನ್ನು ಅವರ ಪಾಡಿಗೆ ಅವರಿರುವಾಗಲೇ ಹಿಡಿದವರು. ಅವರು ತೆಗೆದ ಮಕ್ಕಳ ಚಿತ್ರಗಳನ್ನು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಯುನಿಸೆಫ್ ಸಂಸ್ಥೆ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿತು. ಅವರ ‘ಕಾಲಕ್ಕೆ ಕನ್ನಡಿ’ ಗ್ರಂಥಾಲಯದಲ್ಲಿ ಸಿಕ್ಕರೆ ಬಿಡಬೇಡಿ.

ನಮ್ಮ ಹುಡುಗ ಆರಿಸಿಕೊಂಡದ್ದು ತನ್ನ ಅಜ್ಜಿಯನ್ನು. ಮೊದಲ ದಿನ ಅಜ್ಜಿ ಒಳ್ಳೆಯ ಸೀರೆ ಉಟ್ಟು, ಉಸಿರು ಬಿಗಿಹಿಡಿದು ಸೆಟೆದು ಕೂತರಂತೆ. ಎರಡನೇ ವಾರಕ್ಕೆ ಕ್ಯಾಮೆರಾ ಮರೆತು ಶೇಂಗಾ ಸುಲಿಯುತ್ತಾ ಕೂತರು. ಹುಡುಗನೂ ಫೋನ್ ಪಕ್ಕಕ್ಕಿಟ್ಟು ಮೊದಲು ಮಾತಾಡಿಸುವುದನ್ನು ಕಲಿತ. ತಿಂಗಳ ಕೊನೆಗೆ ಬಂದವನು ಹೇಳಿದ: “ಬೀದಿಯಲ್ಲಿ ಯಾರ ದನಿ ಕೇಳಿದ್ರೂ ನಮ್ಮಜ್ಜಿ ಕೈ ನಿಲ್ಲಿಸಿ ತಲೆ ಎತ್ತುತ್ತೆ ಸಾರ್. ನನಗೆ ಆ ಗಳಿಗೆ ಬೇಕು.” ಆಮೇಲೆ ಚಹದಂಗಡಿಯವರನ್ನು ತೆಗೆದ, ಗೆಳೆಯರನ್ನು ತೆಗೆದ. ಎಲ್ಲರೂ ಕೆಲಸದ ನಡುವೆ ತಲೆ ಎತ್ತಿದವರೇ. ನೂರು ಚಿತ್ರದ ನಡುವೆ ಇಟ್ಟರೂ ಅವನವು ಯಾವುವೆಂದು ನಾನು ಹೇಳಬಲ್ಲೆ. ಶೈಲಿ ಅಂದರೆ ಇದೇ ಅಲ್ಲವೇ?

ಅಜ್ಜಿಯ ಚಿತ್ರ ದೊಡ್ಡದು ಮಾಡಿ ನೋಡಿದೆವು. ಕಣ್ಣಿನಲ್ಲೊಂದು ಪುಟ್ಟ ಬೆಳಕಿನ ಚೌಕ. ಕಣ್ಣಿನ ಮುಂಭಾಗ ಪೀನ ದರ್ಪಣದಂತೆ ವರ್ತಿಸಿ ತಲೆಬಾಗಿಲಿನ ಕಿರಿದಾದ ಬಿಂಬ ಮೂಡಿಸಿತ್ತು. ಅದರೊಳಗೊಂದು ಕಪ್ಪು ಚುಕ್ಕೆ. “ಅದು ಯಾರು ಹೇಳು?” ಎಂದೆ. “ನಾನೇ ಸಾರ್!” ಎಂದ.

ಪೋಷಕರಿಗೊಂದು ಮಾತು. ನನ್ನ ಮನೆಯ ಗೋಡೆಯ ಮೇಲೆ ಅವ್ವನ ಫೋಟೊ ಇದೆ. ತೀರಿಕೊಂಡ ಮೇಲೆ, ತಿಥಿಗೆ ಬೇಕೆಂದು, ಮದುವೆಯ ಗುಂಪು ಫೋಟೊದ ಮೂಲೆಯಿಂದ ಮುಖವನ್ನಷ್ಟೇ ಬಿಡಿಸಿ ದೊಡ್ಡದು ಮಾಡಿಸಿದ್ದು. ಸ್ಟುಡಿಯೊದವರು ಸುಕ್ಕೆಲ್ಲ ಅಳಿಸಿ, ಸೀರೆಗೆ ಇಲ್ಲದ ಬಣ್ಣ ಕೊಟ್ಟರು. ಹೂ ಏರಿಸುವಾಗಲೆಲ್ಲ ಯಾರೋ ದೂರದ ನೆಂಟರಿಗೆ ಏರಿಸಿದಂತಾಗುತ್ತದೆ. ಅವ್ವನನ್ನು ಎದುರಿಗೆ ಕೂರಿಸಿ ಒಂದು ಚಿತ್ರ ತೆಗೆಯಬೇಕೆಂದು ಓದಿದ ಮಗನಾದ ನನಗೂ ಹೊಳೆಯಲಿಲ್ಲ.

ಹುಡುಗ ಪರೀಕ್ಷೆ ಪಾಸಾದ. ಕಳೆದ ವರ್ಷ ಅಜ್ಜಿ ತೀರಿಕೊಂಡರು. ಗೋಡೆಗೆ ಹಾಕಲು ಅವರ ತಂದೆ ಮಗನ ಚಿತ್ರವನ್ನೇ ಪ್ರಿಂಟ್ ಹಾಕಿಸಿದರು. “ಒಂದು ಸುಕ್ಕೂ ಅಳಿಸಬೇಡಿ ಅಂತ ಹೇಳಿ ಮಾಡಿಸಿದೆ ಮೇಷ್ಟ್ರೇ” ಎಂದರು.

ಮಕ್ಕಳೇ, ಈ ಭಾನುವಾರ ಮನೆಯ ಹಿರಿಯರೊಬ್ಬರನ್ನು ಕೇಳಿ, ಅವರು ಒಪ್ಪಿದರೆ ತಲೆಬಾಗಿಲ ಬಳಿ ಕೂರಿಸಿ. ಒಂದೂವರೆ ಮೀಟರ್ ಹಿಂದೆ ಸರಿಯಿರಿ. ಮೊದಲು ಅವರೊಂದಿಗೆ ಮಾತಾಡಿ. ಫೋಟೊ ಆಮೇಲೆ.