ಕೂಸಿನ ಪೊರೆ ಕಾಯುವುದಿಲ್ಲ

ಪೊರೆ ಬಲಿತ ಮೇಲೆ ತೆಗೆಸಿದರಾಯಿತು ಎನ್ನುವುದು ನಮ್ಮ ಕಡೆಯ ಹಳೇ ತೀರ್ಮಾನ. ಚನ್ನಗಿರಿ ಸಂತೆಯಲ್ಲಿ ಕೇಳಿ, ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಕೇಳಿ, ಎಪ್ಪತ್ತು ದಾಟಿದವರು ಇದನ್ನೇ ಹೇಳಿಯಾರು. ಆ ಮಾತಿಗೆ ಒಂದು ಕಾಲದಲ್ಲಿ ಅರ್ಥವಿತ್ತು. ಬೀಳಗಿಯ ಡಾ. ಎಂ.ಸಿ. ಮೋದಿ (1916–2005) ಊರೂರಲ್ಲಿ ಶಿಬಿರ ಹೂಡಿ ದಿನಕ್ಕೆ ನೂರಾರು ಜನರ ಪೊರೆ ತೆಗೆಯುತ್ತಿದ್ದ ಕಾಲಕ್ಕೆ ಕಣ್ಣೊಳಗೆ ಕೂರಿಸುವ ಲೆನ್ಸ್ ಹಳ್ಳಿಯವರ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಆಪರೇಷನ್ ಆದವರಿಗೆ ಸೋಡಾಬುಡ್ಡಿ ಕನ್ನಡಕವೇ ಗತಿ. ಅದನ್ನು ಏರಿಸಿಕೊಂಡರೆ ಮೆಟ್ಟಿಲು ಮುಖಕ್ಕೇ ಎದ್ದು ಬರುತ್ತಿತ್ತು, ಬಾಗಿಲ ಚೌಕಟ್ಟು ಬಳುಕುತ್ತಿತ್ತು. ಅದರ ಬದಲು ಇದ್ದ ನೋಟ ಪೂರ್ತಿ ಮಸುಕಾಗುವ ತನಕ ತಡೆದುಕೊಳ್ಳುವುದೇ ಲೇಸು ಎಂದು ಜನ ಲೆಕ್ಕ ಹಾಕಿದ್ದರು. ಈಗ ಲೆನ್ಸ್ ಬಂದು ದಶಕಗಳಾದವು. ಶಿವಮೊಗ್ಗ, ದಾವಣಗೆರೆಗಳಲ್ಲಿ ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸ ಅದು. ಮಾತು ಮಾತ್ರ ಹಾಗೇ ಉಳಿದಿದೆ. ಅಜ್ಜ ಆರು ತಿಂಗಳು ತಡೆದರೆ ಹೆಚ್ಚೇನೂ ಕೆಡುವುದಿಲ್ಲ. ಅದೇ ಮಾತನ್ನು ತೊಟ್ಟಿಲ ಕೂಸಿಗೂ ಅನ್ವಯಿಸಿದರೆ ಕೆಡುತ್ತದೆ.

ಹುಟ್ಟುವಾಗಲೇ ಪೊರೆ ಹೊತ್ತು ಬರುವ ಮಕ್ಕಳಿದ್ದಾರೆ. ಕರಿಗುಡ್ಡೆಯ ನಡುವೆ ಬೆಳ್ಳಗೆ ಕಂಡರೆ ಮನೆಯ ಹಿರಿಯರು ‘ಕಣ್ಣಿಗೆ ಹೂ ಬಿದ್ದಿದೆ’ ಎನ್ನುತ್ತಾರೆ. ‘ಸ್ವಲ್ಪ ಮೈ ತುಂಬಿಕೊಳ್ಳಲಿ, ಇಷ್ಟು ಎಳೇ ಕೂಸಿಗೆ ಆಪರೇಷನ್ ಯಾಕೆ’ ಎನ್ನುತ್ತಾರೆ. ಕಾಳಜಿಯಿಂದಲೇ ಹೇಳುವ ಮಾತು. ಆದರೆ ಒಂದೇ ಕಣ್ಣಿನಲ್ಲಿ ದಟ್ಟ ಪೊರೆಯಿದ್ದರೆ ಹುಟ್ಟಿದ ಆರು ವಾರದೊಳಗೆ, ಎರಡರಲ್ಲೂ ಇದ್ದರೆ ಎಂಟು ವಾರದ ಆಸುಪಾಸಿನಲ್ಲಿ ತೆಗೆಯಬೇಕು ಎನ್ನುತ್ತದೆ ವೈದ್ಯಶಾಸ್ತ್ರ. ಈ ಅವಸರ ಕಣ್ಣಿನದಲ್ಲ, ಮಿದುಳಿನದು.

ಇದನ್ನು ತೋರಿಸಿಕೊಟ್ಟವರು ಅಮೆರಿಕದ ಹಾರ್ವರ್ಡ್‌ನಲ್ಲಿದ್ದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್. ಆಗಷ್ಟೇ ಹುಟ್ಟಿದ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದರು, ಎರಡು ಮೂರು ತಿಂಗಳ ಮೇಲೆ ಬಿಚ್ಚಿ ನೋಡಿದರು. ಓದುವಾಗ ಹೊಟ್ಟೆ ಕಿವುಚುತ್ತದೆ ನಿಜ. ಇವತ್ತು ಮಕ್ಕಳ ಕಣ್ಣು ಉಳಿಯುತ್ತಿರುವುದು ಆ ಮರಿಗಳಿಂದ ಎನ್ನುವುದೂ ನಿಜ. ಮುಚ್ಚಿದ್ದ ಕಣ್ಣು ಚೆನ್ನಾಗಿಯೇ ಇತ್ತು. ಅಕ್ಷಿಪಟಲ ಬೆಳಕಿಗೆ ಸ್ಪಂದಿಸುತ್ತಿತ್ತು. ಆದರೆ ತಲೆಯ ಹಿಂಭಾಗದಲ್ಲಿ ನೋಟವನ್ನು ಗ್ರಹಿಸುವ ಜಾಗದ ನರಕೋಶಗಳಲ್ಲಿ ಆ ಕಣ್ಣಿನ ಸುದ್ದಿ ಕೇಳುವವೇ ಹೆಚ್ಚುಕಡಿಮೆ ಇರಲಿಲ್ಲ. ಬೆಳೆದ ಬೆಕ್ಕಿನ ಕಣ್ಣನ್ನು ತಿಂಗಳುಗಟ್ಟಲೆ ಮುಚ್ಚಿಟ್ಟರೂ ಹೀಗಾಗಲಿಲ್ಲ. ಇನ್ನೂ ವಿಚಿತ್ರವೆಂದರೆ, ಮರಿಯ ಎರಡೂ ಕಣ್ಣು ಮುಚ್ಚಿದಾಗ ಕೋಶಗಳು ಎಣಿಸಿದಷ್ಟು ಕೆಟ್ಟಿರಲಿಲ್ಲ. ಅಂದರೆ ಕೆಡಿಸುವುದು ಬರೀ ಕತ್ತಲೆಯಲ್ಲ. ಒಂದು ಕಣ್ಣು ಇನ್ನೊಂದರ ಪಾಲನ್ನು ಕಸಿದುಕೊಳ್ಳುತ್ತದೆ. 1963ರಿಂದ ಪ್ರಕಟವಾದ ಈ ಪ್ರಯೋಗಗಳು ಅವರಿಬ್ಬರಿಗೆ 1981ರ ನೊಬೆಲ್ ತಂದ ಕೆಲಸದ ಭಾಗ.

ಭದ್ರಾ ನಾಲೆಯ ಕೊನೆಯಂಚಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನವರು ತೂಬು ಎತ್ತಿಕೊಂಡರೆ ಕೆಳಗೆ ನೀರು ಮುಟ್ಟುವುದಿಲ್ಲ. ನಾಲ್ಕು ಬೆಳೆ ಹಾಗೇ ಹೋದರೆ ಹೊಲಗಾಲುವೆ ಹೂಳು ತುಂಬಿ ಜಾಲಿ ಬೆಳೆಯುತ್ತದೆ, ಆಮೇಲೆ ಎಂಜಿನಿಯರು ನೀರು ಬಿಟ್ಟರೂ ಹರಿದು ಬರಲು ದಾರಿಯಿರುವುದಿಲ್ಲ.

ನಮ್ಮ ತಾಲ್ಲೂಕುಗಳಲ್ಲಿ ಈ ಪಾಲಿನ ಜಗಳ ಹೆಚ್ಚಾಗಿ ನಡೆಯುವುದು ಪೊರೆಯಿಂದಲ್ಲ, ನಂಬರಿನಿಂದ ಮತ್ತು ಮೆಳ್ಳೆಗಣ್ಣಿನಿಂದ. ಒಂದು ಕಣ್ಣಿನ ನಂಬರು ಇನ್ನೊಂದಕ್ಕಿಂತ ಬಹಳ ಹೆಚ್ಚಿದ್ದರೆ ಮಿದುಳು ಮಸುಕಾದ ಚಿತ್ರವನ್ನು ಕ್ರಮೇಣ ತಳ್ಳಿಹಾಕುತ್ತದೆ. ಕಣ್ಣು ಓರೆಯಾಗಿದ್ದರೂ ಅಷ್ಟೇ, ಎರಡು ಚಿತ್ರ ಕೂಡಿಬರದೆ ಒಂದನ್ನು ಕೈಬಿಡುತ್ತದೆ. ಇದೇ ಸೋಮಾರಿ ಕಣ್ಣು. ಮೆಳ್ಳೆಗಣ್ಣು ಅದೃಷ್ಟ ಎಂದು ಮುದ್ದಿಸುವ ಮನೆಗಳು ಇನ್ನೂ ಇವೆ. ಓರೆ ಇಲ್ಲದ ಮಗುವಿನದಂತೂ ಗೊತ್ತೇ ಆಗುವುದಿಲ್ಲ. ಚೆಂಡು ಹಿಡಿಯುತ್ತದೆ, ಅಡಿಕೆ ಆರಿಸುತ್ತದೆ, ಟಿ.ವಿ. ನೋಡುತ್ತದೆ, ಎಲ್ಲವೂ ಒಂದೇ ಕಣ್ಣಿನಲ್ಲಿ. ತನಗೆ ಒಂದು ಕಣ್ಣು ಕಾಣುವುದಿಲ್ಲವೆಂದು ಮಗುವಿಗೇ ಗೊತ್ತಿರುವುದಿಲ್ಲ.

ಕಂಡುಹಿಡಿಯುವುದು ಕಷ್ಟವಲ್ಲ. ನ್ಯಾಮತಿ ಕಡೆಯ ಒಂದು ಅಂಗನವಾಡಿಯಲ್ಲಿ ನೋಡಿದ್ದು: ಆರೋಗ್ಯ ತಂಡದ ಹೆಣ್ಣುಮಗಳೊಬ್ಬಳು ಮೂರು ವರ್ಷದ ಹುಡುಗಿಯನ್ನು ಅಮ್ಮನ ತೊಡೆಯ ಮೇಲೆ ಕೂರಿಸಿ, ಕೈಗೆ ಗಿಲಕಿ ಕೊಟ್ಟು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು. ಹುಡುಗಿ ಗಿಲಕಿ ಆಡಿಸುತ್ತಲೇ ಇತ್ತು. ಎಡಗಣ್ಣು ಮುಚ್ಚಿದ್ದೇ ತಡ, ಗಿಲಕಿ ಎಸೆದು, ಕತ್ತು ತಿರುವಿ, ಮುಚ್ಚಿದ ಕೈಯನ್ನು ಪರಚಿತು. ಮಗು ಹಟಮಾರಿ ಎಂದಳು ಅಮ್ಮ. ಹಟವಲ್ಲ ಅದು. ಕಾಣುವ ಕಣ್ಣನ್ನು ಮುಚ್ಚಿದರೆ ಯಾರು ಸುಮ್ಮನಿರುತ್ತಾರೆ? ಮೊಬೈಲಿನ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಗುಡ್ಡೆ ಕೆಂಪಗೆ, ಇನ್ನೊಂದು ಬೆಳ್ಳಗೆ ಬಂದರೂ ಅದೇ ವಾರ ವೈದ್ಯರ ಹತ್ತಿರ ಓಡಬೇಕು. ಪೊರೆಗಿಂತ ಕೆಟ್ಟದ್ದೂ, ಅಂದರೆ ಅಕ್ಷಿಪಟಲದ ಗಡ್ಡೆಯೂ, ಹಾಗೆ ಕಾಣಿಸಬಹುದು.

ಪೊರೆ ಹೊತ್ತು ಹುಟ್ಟುವುದಕ್ಕೆ ಕಾರಣಗಳಲ್ಲಿ ಒಂದು ರುಬೆಲ್ಲಾ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ಬರುವ ಈ ಸಣ್ಣ ಜ್ವರ ಕೂಸಿನ ಕಣ್ಣಿಗೆ ಪೊರೆ ತರುತ್ತದೆಂದು 1941ರಲ್ಲಿ ಮೊದಲು ಗುರುತಿಸಿದವರು ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್. ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನ ಕರ್ನಾಟಕಕ್ಕೆ ಬಂದದ್ದು 2017ರ ಫೆಬ್ರುವರಿಯಲ್ಲಿ. ಲಸಿಕೆಯಿಂದ ಇದನ್ನು ತಡೆಯಬಹುದು. ಲಸಿಕೆಯಿಂದ ತಡೆಯಲಾಗದ್ದು ಅಕ್ಕನ ಮಗಳನ್ನೇ ತಂದುಕೊಳ್ಳುವ ಸೋದರಿಕೆ. ವಂಶದಲ್ಲಿ ಅಡಗಿದ ದೋಷ ಎರಡೂ ಕಡೆಯಿಂದ ಕೂಡಿಬರಲು ಅದು ಹಾದಿ. ದಿನ ತುಂಬದೆ ಹುಟ್ಟುವ ಕೂಸುಗಳದ್ದು ಬೇರೆ ಕಥೆ, ಅಲ್ಲಿ ಕೆಡುವುದು ಅಕ್ಷಿಪಟಲವೇ. ಎರಡು ಕಿಲೋಗಿಂತ ಕಡಿಮೆ ತೂಕದ ಕೂಸಿನ ಕಣ್ಣನ್ನು ತಿಂಗಳೊಳಗೆ ನೋಡಿಸಲೇಬೇಕು. ಅದಕ್ಕಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಿಂದ ಕ್ಯಾಮೆರಾ ಹೊತ್ತ ತಂತ್ರಜ್ಞರನ್ನು ಜಿಲ್ಲೆಗಳ ನವಜಾತ ಘಟಕಗಳಿಗೆ ಕಳಿಸುತ್ತ ಬಂದಿದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಬಂದಾಗ ಮಗು ಊರಲ್ಲಿರಬೇಕಲ್ಲ! ಜಗಳೂರು ಕಡೆ ಮಳೆ ಕೈಕೊಟ್ಟ ವರ್ಷ ಎಳೇ ಮಕ್ಕಳನ್ನೂ ಕಟ್ಟಿಕೊಂಡು ಮಲೆನಾಡಿಗೆ ಗುಳೆ ಹೋಗುವ ಮನೆಗಳಿವೆ. ಜೀಪು ಬಂದು ಹೋದ ಮೇಲೆ ಅವರು ಬರುತ್ತಾರೆ.

ಬೇಗ ತೆಗೆದರೂ ಎಲ್ಲ ಸರಿಹೋಗುತ್ತದೆಂದು ತಿಳಿಯಬೇಕಿಲ್ಲ. ಕೆನಡಾದ ಡ್ಯಾಫ್ನಿ ಮೌರರ್ ಮತ್ತು ಅವರ ತಂಡ ಹಸುಗೂಸಿನಲ್ಲೇ ಪೊರೆ ತೆಗೆಸಿಕೊಂಡವರನ್ನು ಹತ್ತಾರು ವರ್ಷದ ಮೇಲೆ ಪರೀಕ್ಷಿಸಿತು. ಅವರು ಓದುತ್ತಿದ್ದರು, ಬರೆಯುತ್ತಿದ್ದರು. ಆದರೆ ಎರಡು ಮುಖಗಳ ನಡುವೆ ಕಣ್ಣು–ಬಾಯಿಗಳ ಅಂತರವಷ್ಟೇ ಬೇರೆಯಾಗಿದ್ದರೆ ಗುರುತಿಸಲು ತಡವರಿಸುತ್ತಿದ್ದರು. ಪೊರೆ ಒಂದೇ ಕಣ್ಣಿಗಿದ್ದವರಲ್ಲಿ ಈ ಕೊರತೆ ಕಂಡದ್ದು ಎಡಗಣ್ಣು ಮುಚ್ಚಿದ್ದವರಿಗೆ. ಎಳೆಗೂಸಿನಲ್ಲಿ ಎಡಗಣ್ಣಿನ ಸುದ್ದಿ ಹೆಚ್ಚಾಗಿ ಮುಟ್ಟುವುದು ಮಿದುಳಿನ ಬಲಭಾಗಕ್ಕೆ, ಮುಖ ಗುರುತಿಸುವ ಕೆಲಸ ಮುಖ್ಯವಾಗಿ ಅಲ್ಲಿಯದು. ಮೊದಲ ಕೆಲವು ತಿಂಗಳ ಬಾಕಿ ಅಷ್ಟು ವರ್ಷದ ಮೇಲೂ ತೀರಿರಲಿಲ್ಲ.

ಹಾಗೆಂದು ಹತ್ತು ವರ್ಷದ ಮಗುವನ್ನು ‘ಕಾಲ ಮೀರಿತು’ ಎಂದು ವಾಪಸು ಕಳಿಸುವುದನ್ನು ನಾನು ಒಪ್ಪಲಾರೆ. ಎಂಐಟಿಯ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್, ದೆಹಲಿಯ ಶ್ರಾಫ್ ಕಣ್ಣಿನ ಆಸ್ಪತ್ರೆಯ ಜೊತೆಗೂಡಿ, ಹುಟ್ಟುಕುರುಡರೆಂದು ಬಿಟ್ಟಿದ್ದ ಉತ್ತರ ಭಾರತದ ಮಕ್ಕಳಿಗೆ ತಡವಾಗಿಯೇ ಆಪರೇಷನ್ ಮಾಡಿಸಿತು. ಮುಟ್ಟಿ ಬಲ್ಲ ವಸ್ತುವನ್ನು ಹೊಸದಾಗಿ ನೋಟ ಬಂದವನು ನೋಡಿಯೇ ಗುರುತಿಸಿಯಾನೇ ಎಂದು ಐರ್ಲೆಂಡಿನ ವಿಲಿಯಂ ಮಾಲಿನೋ 1688ರಲ್ಲಿ ತತ್ತ್ವಜ್ಞಾನಿ ಜಾನ್ ಲಾಕ್‌ಗೆ ಬರೆದು ಕೇಳಿದ್ದ. ಎಂಟರಿಂದ ಹದಿನೇಳು ವರ್ಷದ ಐದು ಮಕ್ಕಳು 2011ರಲ್ಲಿ ಉತ್ತರ ಕೊಟ್ಟರು: ಪಟ್ಟಿ ಬಿಚ್ಚಿದ ಕೂಡಲೇ ಆಗಲಿಲ್ಲ, ಆದರೆ ಮತ್ತೆ ಪರೀಕ್ಷೆಗೆ ಒಳಗಾದವರು ದಿನಗಳೊಳಗೇ ಬಹಳ ಸುಧಾರಿಸಿದ್ದರು. ಇಂಥ ಮಕ್ಕಳ ನೋಟ ಪೂರ್ತಿ ಚೂಪಾಗುವುದಿಲ್ಲ. ಆದರೂ ಕೋಲು ಬಿಟ್ಟು ನಡೆಯುವಷ್ಟು, ಅಮ್ಮನ ಮುಖ ತಿಳಿಯುವಷ್ಟು ಬಂದರೆ ಅದೇನು ಕಡಿಮೆಯೇ?

ಸೋಮಾರಿ ಕಣ್ಣಿಗೆ ಏಳು ವರ್ಷದೊಳಗಿನ ಚಿಕಿತ್ಸೆ ಲೇಸು. ಆಮೇಲೂ ಹದಿಹರೆಯದವರೆಗೆ ಕೆಲವರಿಗೆ ಗುಣ ಸಿಗುತ್ತದೆ. ತೀರಾ ಹೆಚ್ಚಿಲ್ಲದ ತೊಂದರೆಗೆ ಚೆನ್ನಾಗಿರುವ ಕಣ್ಣನ್ನು ದಿನಕ್ಕೆ ಎರಡು ಗಂಟೆ ಪಟ್ಟಿಯಿಂದ ಮುಚ್ಚಿದರೂ ಆರು ಗಂಟೆಯಷ್ಟೇ ಫಲವೆಂದು 2003ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಮನೆಯಲ್ಲಿ ಮಗು ಪಟ್ಟಿ ಕಿತ್ತೆಸೆಯುತ್ತದೆ, ಅಮ್ಮ ತೋಟದಲ್ಲಿರುತ್ತಾಳೆ. ಅಂಗನವಾಡಿಯಲ್ಲಿ ಬೆಳಗಿನ ಹಾಡಿನಿಂದ ಮಧ್ಯಾಹ್ನದ ಊಟದವರೆಗೆ ಎರಡು ಗಂಟೆ ಸಲೀಸಾಗಿ ಸಿಗುತ್ತದೆ. ಆಸ್ಪತ್ರೆಯ ಚೀಟಿಯನ್ನು ಅಮ್ಮನ ಕೈಗಷ್ಟೇ ಕೊಡದೆ ಅದರದೊಂದು ಪ್ರತಿ ಅಂಗನವಾಡಿ ಟೀಚರಿಗೂ ತಲುಪಿಸಿದರೆ ಸಾಕು. ಪಟ್ಟಿ ಅಂಟಿಸಿ, ಮಣಿ ಪೋಣಿಸಲು ಕೂರಿಸುವುದು ಅವರಿಗೆ ಹೇಳಿಕೊಡಬೇಕಾದ ಕೆಲಸವಲ್ಲ.