ಆಸ್ಪತ್ರೆಯ ರಾತ್ರಿಗೆ ಒಂದಿಷ್ಟು ವೀಣೆ

ಆಸ್ಪತ್ರೆಯಲ್ಲಿ ರೋಗಿಯ ಮಂಚದ ಪಕ್ಕ ಚಾಪೆ ಹಾಸಿ ಮಲಗಿದ್ದೀರಾ ಯಾವತ್ತಾದರೂ? ಹಾಗಿದ್ದರೆ ನಾನು ಹೇಳೋದು ನಿಮಗೆ ಬೇಗ ಅರ್ಥವಾಗುತ್ತೆ.

ನಮ್ಮತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆಗೆ ಆಪರೇಷನ್ ಆಯಿತು. ಆಪರೇಷನ್ನೇನೋ ಚೆನ್ನಾಗಿಯೇ ಆಯಿತು, ನಿದ್ದೆ ಮಾತ್ರ ಊರು ಬಿಟ್ಟು ಹೋಯಿತು. ಟ್ರಾಲಿಯ ಗಡಗಡ, ಬಕೆಟ್ಟಿನ ಸದ್ದು, ಎದುರು ಮಂಚದವರ ಫೋನು! ರಾತ್ರಿ ವಾರ್ಡಿನಲ್ಲಿ ಸದ್ದು 30 ಡೆಸಿಬಲ್ ದಾಟಬಾರದು, ಅಂದರೆ ಪಿಸುಮಾತಿನಷ್ಟಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆಯಂತೆ. ಅದನ್ನು ಆ ಬಕೆಟ್ಟಿಗೆ ಹೇಳುವವರು ಯಾರು? ಮೂರನೇ ರಾತ್ರಿ ಅತ್ತೆ, "ದನಕ್ಕೆ ನೀರು ಕುಡಿಸ್ಬೇಕು, ಬಿಡೇ" ಅಂತ ಕೈಯ ಸೂಜಿ ಕೀಳೋಕೆ ಹೊರಟರು. ನನ್ನ ಎದೆ ಧಸಕ್ಕೆಂದಿತು. ನಮ್ಮಲ್ಲಿ ದನವಿದ್ದದ್ದು ಇಪ್ಪತ್ತು ವರ್ಷದ ಹಿಂದೆ.

ಡಾಕ್ಟರು ಬಂದು ನೋಡಿದರು. ವಯಸ್ಸಾದವರಿಗೆ ಆಪರೇಷನ್ ನಂತರ ಹೀಗಾಗುವುದುಂಟು, ನಿದ್ದೆಗೆಟ್ಟರೆ ಇನ್ನೂ ಕಷ್ಟ ಎಂದರು. ನೋವಿನ ಮಾತ್ರೆಯ ಹೊತ್ತು ಬದಲಿಸಿ, "ಅವರಿಗಿಷ್ಟವಾದ ಸಂಗೀತ ಹಾಕಿ" ಎಂದೂ ಹೇಳಿದರು. ನಗಬೇಡಿ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ 2015ರಲ್ಲಿ 73 ಅಧ್ಯಯನಗಳ, ಸುಮಾರು 7,000 ರೋಗಿಗಳ ಲೆಕ್ಕ ಒಟ್ಟುಗೂಡಿಸಿ ಪ್ರಕಟಿಸಿತ್ತು. ಸಂಗೀತ ಕೇಳಿದವರಿಗೆ ನೋವು, ಆತಂಕ ಎರಡೂ ಕಡಿಮೆ. ನೋವಿನ ಔಷಧಿಯೂ ಕಡಿಮೆ ಸಾಕಾಯಿತಂತೆ. ಮನೆಗೆ ಬೇಗ ಕಳಿಸುವ ಶಕ್ತಿ ಮಾತ್ರ ಅದಕ್ಕಿಲ್ಲ!

ಮಗಳು ತನ್ನ ಮೊಬೈಲಿನಲ್ಲಿ ಅಜ್ಜಿಯ ಮೆಚ್ಚಿನ ಭಜನೆ ಹಾಕಿದಳು. ಆದದ್ದೇನು ಗೊತ್ತೇ? ಅತ್ತೆ ತಾಳ ಹಾಕಿಕೊಂಡು ಹನ್ನೆರಡು ಗಂಟೆವರೆಗೂ ಹಾಡಿದರು! ಗೊತ್ತಿರುವ ಸಾಹಿತ್ಯ ಕಿವಿಗೆ ಬಿದ್ದರೆ ಬಾಯಿ ಸುಮ್ಮನಿರುತ್ತದೆಯೇ? ಮರುದಿನ ವೀಣೆಗೆ ಬದಲಿಸಿದೆವು. ಜೋಗುಳದ ರಾಗವಾದ ನೀಲಾಂಬರಿ, ಮಾತಿಲ್ಲ, ವಿಳಂಬದ ನಡೆ.

ನೀವೂ ಮಾಡುವುದಾದರೆ ಮೊದಲು ನರ್ಸಮ್ಮನನ್ನು ಕೇಳಿ. ನೋವಿನ ಮಾತ್ರೆ ಕೊಟ್ಟಾದ ಮೇಲೆ ಹಾಕಿ. ನೋವಿಟ್ಟುಕೊಂಡು ಯಾವ ರಾಗವೂ ಹತ್ತುವುದಿಲ್ಲ. ಸದ್ದು ದಿಂಬಿನಾಚೆ ಹೋಗದಿರಲಿ, ಪಕ್ಕದ ಮಂಚದವರೂ ರೋಗಿಯೇ ಅಲ್ಲವೇ? ಇಯರ್‌ಫೋನಾದರೆ ಒಂದೇ ಕಿವಿಗಿಡಿ, ಕರೆದರೆ ಕೇಳಿಸಬೇಕು. ಮುಕ್ಕಾಲು ಗಂಟೆಗೆ ತಾನೇ ನಿಲ್ಲುವ ಹಾಗೆ ಫೋನಿನಲ್ಲೇ ಮಾಡಬಹುದು. ನನಗೆ ಬರಲಿಲ್ಲ, ಮಗಳು ಮಾಡಿಕೊಟ್ಟಳು. ಹಾಂ, ನಡುನಡುವೆ ಜಾಹೀರಾತು ಕಿರುಚದಂತೆ ಮೊದಲೇ ಇಳಿಸಿಟ್ಟುಕೊಳ್ಳಿ. ಒಂದು ರಾತ್ರಿ ನಾವು ಅದನ್ನೂ ಅನುಭವಿಸಿದೆವು.

ವೀಣೆಯಿಂದಲೋ ಮಾತ್ರೆಯಿಂದಲೋ, ಆರನೇ ರಾತ್ರಿ ಅತ್ತೆ ಬೆಳಗಿನ ಕಾಫಿಯವರೆಗೂ ಮಲಗಿದರು. ಎದ್ದು ನನ್ನ ಮುಖ ನೋಡಿ, "ನೀನು ಮಲಗಿದ್ಯೇನೇ?" ಅಂದರು. ಎಲ್ಲಿಯ ನಿದ್ದೆ, ಅವರು ಉಸಿರಾಡುವುದನ್ನು ನೋಡುತ್ತಾ ಕೂತಿದ್ದೆ.