ಜರಡಿ ಹಿಡಿದವರ ಬಾಯಲ್ಲಿ ಪ್ರತಿಭೆಯ ಮಾತು

2024ರ ಜುಲೈಯಲ್ಲಿ ನಡೆದದ್ದು ನೆನಪಿದೆ ತಾನೆ? ಖಾಸಗಿ ಸಂಸ್ಥೆಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೇ ಮೀಸಲು ಎಂಬ ಮಸೂದೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಹೌಹಾರಿದರು. ಕೆಲವೇ ದಿನಗಳಲ್ಲಿ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಆ ಗದ್ದಲದಲ್ಲಿ ಮತ್ತೆ ಮತ್ತೆ ಕಿವಿಗೆ ಬಿದ್ದ ಪದ ಒಂದೇ: ಪ್ರತಿಭೆ. ನಾವು ಊರು ನೋಡುವುದಿಲ್ಲ, ಭಾಷೆ ನೋಡುವುದಿಲ್ಲ, ಕೌಶಲ್ಯವೊಂದನ್ನೇ ನೋಡುತ್ತೇವೆ ಎಂಬುದು ಉದ್ಯಮದ ವಾದವಾಗಿತ್ತು.

ಆ ಮಸೂದೆ ಇದ್ದ ಹಾಗೇ ಜಾರಿಯಾಗಬೇಕಿತ್ತು ಎಂದು ನಾನೂ ಹೇಳುವುದಿಲ್ಲ. ಹರಿಯಾಣ ಇಂಥದೇ ಶೇ 75ರ ಕಾನೂನು ಮಾಡಿ, 2023ರ ನವೆಂಬರ್‌ನಲ್ಲಿ ಹೈಕೋರ್ಟ್‌ನಲ್ಲಿ ಅದನ್ನು ಕಳೆದುಕೊಂಡಿತ್ತು. ನಮ್ಮದೂ ಅದೇ ದಾರಿ ಹಿಡಿಯುತ್ತಿತ್ತೇನೋ. ನನ್ನ ತಕರಾರು ಇರುವುದು ಉದ್ಯಮದ ಆ ವಾದದ ಬಗ್ಗೆ. ಕೌಶಲ್ಯವನ್ನೇ ನೋಡುತ್ತೇವೆ ಎಂದಿರಲ್ಲ, ಎಲ್ಲಿ ನೋಡಿದಿರಿ?

ಹಿಂದೆ ಲೆಕ್ಕ ಬರೆದೇ ಹೊಟ್ಟೆ ಹೊರೆದವನು ನಾನು. ಆ ಕಾರಣಕ್ಕೆ ಪರಿಚಯದವರೊಬ್ಬರು ತಮ್ಮ ಕಚೇರಿಯ ಅಕೌಂಟ್ಸ್ ವಿಭಾಗಕ್ಕೆ ಒಬ್ಬರನ್ನು ಆರಿಸುವಾಗ ನನ್ನನ್ನೂ ಸಂದರ್ಶನಕ್ಕೆ ಕೂರಿಸಿಕೊಂಡರು. ಎಚ್‌ಆರ್ ಹುಡುಗಿ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಬಂದ ಅರ್ಜಿ ಇನ್ನೂರರ ಮೇಲೆ, ಉಳಿದದ್ದು ಹದಿನಾಲ್ಕು.

“ಮಿಕ್ಕಿದ್ದೆಲ್ಲ ಏನಾಯ್ತಮ್ಮ?”

“ಫಿಲ್ಟರ್‌ನಲ್ಲಿ ಹೋಯ್ತು ಸಾರ್.”

ಫಿಲ್ಟರ್ ಎಂದರೆ ಮೂರು ಸಾಲು. ವಯಸ್ಸು 35ರೊಳಗಿರಬೇಕು. ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗೆ ಎಲ್ಲದರಲ್ಲೂ 60 ಪರ್ಸೆಂಟ್ ಇರಬೇಕು. ನಡುವೆ ಗ್ಯಾಪ್ ಇರಬಾರದು. ಟ್ಯಾಲಿ ಬರುತ್ತದೆಯೇ, ಜಿಎಸ್‌ಟಿ ರಿಟರ್ನ್ ತುಂಬಿ ಗೊತ್ತಿದೆಯೇ ಎಂದು ಕೇಳುವ ಸಾಲು ಅಲ್ಲಿರಲಿಲ್ಲ.

ಫಿಲ್ಟರ್ ತೆಗೆಸಿ, ಕೆಳಗೆ ಬಿದ್ದವುಗಳಲ್ಲಿ ಐದಾರು ಅರ್ಜಿಗಳನ್ನು ಹೆಕ್ಕಿ ಅವರನ್ನೂ ಕರೆಸಿದೆವು. ಅವರಲ್ಲಿ ಒಬ್ಬರು 44ರ ಹೆಂಗಸು. ಅಡಿಕೆ ಮಂಡಿಯೊಂದರಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದವರು, ಆಮೇಲೆ ಅತ್ತೆ ಹಾಸಿಗೆ ಹಿಡಿದಾಗ ಐದು ವರ್ಷ ಮನೆಯಲ್ಲಿದ್ದವರು. ಬಂದವರಿಗೆಲ್ಲ ಕಚೇರಿಯದೇ ಒಂದು ಕಟ್ಟು ಖರೀದಿ ಬಿಲ್ಲು ಕೊಟ್ಟು, ಎಂಟ್ರಿ ಮಾಡಿ ಎಂದೆವು. ಆಕೆ ನಾಲ್ಕನೆಯ ಬಿಲ್ಲಿಗೆ ನಿಂತರು. “ಇದು ಸರಿ ಇಲ್ಲ ಸಾರ್. ಪಾರ್ಟಿ ಜಿಎಸ್‌ಟಿ ನಂಬರ್ 27ರಿಂದ ಶುರುವಾಗತ್ತೆ, ಅಂದ್ರೆ ಮಹಾರಾಷ್ಟ್ರದವರು. ಅಲ್ಲಿಂದ ಇಲ್ಲಿಗೆ ಮಾಲು ಕಳಿಸಿದ್ರೆ ಐಜಿಎಸ್‌ಟಿ ಹಾಕ್ಬೇಕು. ಇವ್ರು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಹಾಕಿದಾರೆ.” ತಿಂಗಳುಗಳಿಂದ ಫೈಲಿನಲ್ಲಿದ್ದ ಬಿಲ್ಲು ಅದು. ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಪಕ್ಕದಲ್ಲಿ ಕಚೇರಿಯದೇ ಒಬ್ಬ ಹುಡುಗನಿದ್ದ, ಇಪ್ಪತ್ತಮೂರರ ಪ್ರಾಯ. ಅವನು ಎಕ್ಸೆಲ್ ತೆರೆದು, ಜಿಎಸ್‌ಟಿ ನಂಬರಿನ ಮೊದಲೆರಡು ಅಂಕಿ ಬೇರ್ಪಡಿಸುವ ಫಾರ್ಮುಲಾ ಹಾಕಿ, ವರ್ಷದ ಲೆಕ್ಕವನ್ನೆಲ್ಲ ಕ್ಷಣದಲ್ಲಿ ಜಾಲಾಡಿದ. ಅಂಥವೇ ಇನ್ನೂ ಮೂರು ಬಿಲ್ಲು ಸಿಕ್ಕವು. ಆಕೆಗೆ ಆ ಫಾರ್ಮುಲಾ ಗೊತ್ತಿರಲಿಲ್ಲ. ಅವನಿಗೆ ಹುಡುಕಬೇಕಾದದ್ದು ಏನೆಂದು ಗೊತ್ತಿರಲಿಲ್ಲ. ಕಚೇರಿಯಲ್ಲಿ ನಾಲ್ಕು ಪ್ರಾಯದವರು ಇರಬೇಕು ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಿದ್ಧಾಂತ ಬೇಕಿಲ್ಲ.

ಆ ಐದು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದಕ್ಕೆ, ಓಣಿಯ ಸ್ತ್ರೀಶಕ್ತಿ ಸಂಘದ ಲೆಕ್ಕ ನೋಡುತ್ತಿದ್ದೆ ಎಂದರು. ಅರ್ಜಿಯಲ್ಲಿ ಅದಿರಲಿಲ್ಲ. “ಅದನ್ನೆಲ್ಲ ಕೆಲಸ ಅಂತ ಯಾರು ಸಾರ್ ಲೆಕ್ಕಕ್ಕೆ ತಗೋತಾರೆ?” ಆಕೆಗೆ ಕೆಲಸ ಸಿಕ್ಕಿತು, ನಿಜ. ನಿಯಮದ ಪ್ರಕಾರ ನಡೆದಿದ್ದರೆ ಅರ್ಜಿಯನ್ನೇ ಯಾರೂ ತೆರೆಯುತ್ತಿರಲಿಲ್ಲ.

ಇದು ಸಣ್ಣ ಕಚೇರಿಯೊಂದರ ಕತೆ ಎಂದು ತಳ್ಳಿಹಾಕಬೇಡಿ. ‘ಎಲ್ಲದರಲ್ಲೂ 60’ ಎಂಬ ಗೆರೆ ನಮ್ಮ ದೊಡ್ಡ ಐಟಿ ಕಂಪನಿಗಳ ಕ್ಯಾಂಪಸ್ ನೇಮಕಾತಿಯಲ್ಲಿ ವರ್ಷಗಳಿಂದ ಕೂತಿದೆ. ಆ ಗೆರೆ ಯಾರ ಮೇಲೆ ಬೀಳುತ್ತದೆ ನೋಡಿ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ತೆಗೆದ ಹುಡುಗಿ ಪಿಯುಸಿ ವಿಜ್ಞಾನಕ್ಕೆ ಸೇರುತ್ತಾಳೆ. ಜೂನ್‌ನಲ್ಲಿ ತರಗತಿ ಶುರುವಾದಾಗ ‘ವೇಗೋತ್ಕರ್ಷ’ ಅಕ್ಸೆಲರೇಷನ್ ಆಗಿರುತ್ತದೆ, ‘ದ್ಯುತಿಸಂಶ್ಲೇಷಣೆ’ ಫೋಟೋಸಿಂಥೆಸಿಸ್ ಆಗಿರುತ್ತದೆ. ಗೊತ್ತಿದ್ದ ಪಾಠವನ್ನೇ ಅವಳು ಗೊತ್ತಿಲ್ಲದ ಭಾಷೆಯಲ್ಲಿ ಮತ್ತೆ ಕಲಿಯಬೇಕು. ಪಿಯುಸಿಯಲ್ಲಿ 57 ಬರುತ್ತದೆ. ಆಮೇಲೆ ಎಂಜಿನಿಯರಿಂಗ್‌ನಲ್ಲಿ ಚೇತರಿಸಿಕೊಂಡು, ಕೋಡಿಂಗ್ ಕಲಿತು, 75 ತೆಗೆದರೂ ಹದಿನೇಳನೆಯ ವಯಸ್ಸಿನ ಆ 57 ಬೆನ್ನು ಬಿಡುವುದಿಲ್ಲ. ಕಂಪನಿಯ ಪೋರ್ಟಲ್ ಪ್ರೋಗ್ರಾಂ ಬರೆಯಲು ಬಿಡುವ ಮೊದಲೇ ಅವಳನ್ನು ಹೊರಗಿಡುತ್ತದೆ. ಹೀಗೆ ಹೊರಗಿಟ್ಟವರೇ ಆಮೇಲೆ ಟಿ.ವಿ.ಯಲ್ಲಿ ಕೂತು, ಸ್ಥಳೀಯರಲ್ಲಿ ಕೌಶಲ್ಯ ಸಾಲದು ಎನ್ನುತ್ತಾರೆ. ಮೀಸಲಾತಿಯ ಕೂಗು ಹುಟ್ಟಿದ್ದು ಎಲ್ಲಿಂದ ಎಂದು ಬೇರೆ ಹುಡುಕಬೇಕೆ?

ಜರಡಿಯ ಇನ್ನೊಂದು ತೂತು ವಯಸ್ಸು. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕೈಬಿಡುವುದಾಗಿ ಹೇಳಿತು. ಏಟು ಹೆಚ್ಚಾಗಿ ಬೀಳುವುದು ಮಧ್ಯಮ ಮತ್ತು ಹಿರಿಯ ಹಂತದವರಿಗೆ ಎಂದೂ ಹೇಳಿತು. ಕೌಶಲ್ಯ ಹೊಂದುತ್ತಿಲ್ಲ ಎಂಬುದು ಕಂಪನಿ ಮುಖ್ಯಸ್ಥರು ಕೊಟ್ಟ ಕಾರಣಗಳಲ್ಲಿ ಒಂದು. ಹದಿನೈದಿಪ್ಪತ್ತು ವರ್ಷ ಒಂದೇ ಛಾವಣಿಯಡಿ ದುಡಿದವರ ಕೌಶಲ್ಯ ಹೊಂದದೆ ಹೋದರೆ, ಆ ವರ್ಷಗಳಲ್ಲಿ ಅವರಿಗೆ ಕೆಲಸ ಹಂಚುತ್ತಿದ್ದವರು ಯಾರು? ಯಾವ ಕೆಲಸಕ್ಕೆ ಹಾಕಬೇಕು, ಯಾವ ತರಬೇತಿ ಕೊಡಬೇಕು ಎಂದು ತೀರ್ಮಾನಿಸುತ್ತಿದ್ದುದು ಕಂಪನಿಯೇ ಅಲ್ಲವೆ? ಒಳಗೆ ಬರುವಾಗ ಕೌಶಲ್ಯ ಕೇಳದವರು ಹೊರಗೆ ಕಳಿಸುವಾಗ ಮಾತ್ರ ಅದನ್ನು ನೆನೆಸಿಕೊಳ್ಳುತ್ತಾರೆ.

ಸಾವಿರಗಟ್ಟಲೆ ಅರ್ಜಿ ಬಂದರೆ ಜರಡಿ ಹಿಡಿಯದೆ ಇನ್ನೇನು ಮಾಡುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಜರಡಿ ಹಿಡಿಯಿರಿ, ಆದರೆ ರಾಗಿಗೆ ರಾಗಿಯ ಜರಡಿ ಹಿಡಿಯಿರಿ. ಮೊದಲ ಸುತ್ತಿನಲ್ಲೇ ಅರ್ಧ ಗಂಟೆಯ ನಿಜವಾದ ಕೆಲಸ ಕೊಟ್ಟು ನೋಡಲು ಇವತ್ತಿನ ಕಂಪ್ಯೂಟರಿಗೆ ಕಷ್ಟವೇನಿಲ್ಲ. ಪಕ್ಕದ ತಮಿಳುನಾಡಿನಲ್ಲಿ ಜೋಹೊ ಪಿಯುಸಿ, ಡಿಪ್ಲೊಮಾ ಮುಗಿಸಿದವರನ್ನು ತೆಗೆದುಕೊಂಡು, ಸ್ಟೈಪೆಂಡ್ ಕೊಟ್ಟು, ತಾನೇ ಕಲಿಸಿ ಕೆಲಸಕ್ಕೆ ಇಟ್ಟುಕೊಳ್ಳುವ ಪದ್ಧತಿಯನ್ನು ಇಪ್ಪತ್ತು ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಅದರಿಂದ ಆ ಕಂಪನಿ ಮುಳುಗಿಲ್ಲ.

ಹಾಗೆಂದು ಜಾಹೀರಾತಿನಿಂದ ಒಂದು ಸಾಲು ಕಿತ್ತುಹಾಕಿದರೆ ಕೆಲಸ ಮುಗಿಯಿತು ಎಂದುಕೊಳ್ಳುವಂತಿಲ್ಲ. ಪದವಿ ಕಡ್ಡಾಯವಲ್ಲ ಎಂದು ಅಮೆರಿಕದ ಕಂಪನಿಗಳು ತುತ್ತೂರಿ ಊದಿದ್ದವು. ಅಲ್ಲಿ ನಿಜಕ್ಕೂ ನಡೆದದ್ದೇನು ಎಂದು ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಬರ್ನಿಂಗ್ ಗ್ಲಾಸ್ ಇನ್‌ಸ್ಟಿಟ್ಯೂಟ್‌ನವರು ಲೆಕ್ಕ ಹಾಕಿ 2024ರಲ್ಲಿ ವರದಿ ಕೊಟ್ಟರು. ಆ ಬದಲಾವಣೆಯಿಂದ ಲಾಭವಾದದ್ದು 700 ನೇಮಕಾತಿಗಳಲ್ಲಿ ಒಂದಕ್ಕಿಂತಲೂ ಕಡಿಮೆ. ಬರೆದದ್ದು ಬದಲಾಯಿತು, ಆರಿಸುವ ಕೈ ಬದಲಾಗಲಿಲ್ಲ.

ಕೈ ಬದಲಾಗಬೇಕಾದರೆ ಕಾನೂನು ಬೇಕು. ನಮ್ಮಲ್ಲಿ ಅದಿಲ್ಲ. ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಯಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಆಧಾರದಲ್ಲಿ ಭೇದ ಮಾಡಬಾರದು ಎನ್ನುತ್ತದೆ. ಆ ಪಟ್ಟಿಯಲ್ಲಿ ವಯಸ್ಸು ಇಲ್ಲ. ಅಮೆರಿಕ 40 ದಾಟಿದವರ ರಕ್ಷಣೆಗೆ 1967ರಲ್ಲೇ ಕಾನೂನು ಮಾಡಿತು. 1971ರಲ್ಲಿ ಡ್ಯೂಕ್ ಪವರ್ ಎಂಬ ವಿದ್ಯುತ್ ಕಂಪನಿಯ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಹೈಸ್ಕೂಲ್ ಪ್ರಮಾಣಪತ್ರ ಬೇಕೆಂಬ ಷರತ್ತು ಕಪ್ಪು ಜನರನ್ನು ಒಳ್ಳೆಯ ಹುದ್ದೆಗಳಿಂದ ಹೊರಗಿಟ್ಟಿತ್ತು. ಆ ಷರತ್ತಿಗೂ ಮಾಡುವ ಕೆಲಸಕ್ಕೂ ಸಂಬಂಧವಿದೆ ಎಂದು ತೋರಿಸುವ ಹೊಣೆ ಕಂಪನಿಯದೇ ಎಂದಿತು ಕೋರ್ಟ್.

ಕರ್ನಾಟಕಕ್ಕೆ ಬೇಕಾದದ್ದು ಈ ತತ್ವ. ವಯಸ್ಸಿಗೆ, ಪರ್ಸೆಂಟಿಗೆ, ಗ್ಯಾಪಿಗೆ ಷರತ್ತು ಹಾಕುವ ಕಂಪನಿ, ಆ ಕೆಲಸಕ್ಕೆ ಅದೇಕೆ ಬೇಕು ಎಂದು ಬರೆದು ಕೊಡಲಿ. ಕೊಡಲಾಗದಿದ್ದರೆ ಷರತ್ತು ಬಿಡಲಿ. ಹಾಗೆ ಕೇಳುವ ಶಕ್ತಿ ಸರ್ಕಾರಕ್ಕೆ ಇಲ್ಲ ಎನ್ನಬೇಡಿ. ಕಾರ್ಮಿಕರ ಸೇವಾ ನಿಯಮಗಳ 1946ರ ಕಾಯ್ದೆಯಿಂದ ಐಟಿ ಉದ್ಯಮಕ್ಕೆ ಮತ್ತೆ ಮತ್ತೆ ವಿನಾಯಿತಿ ಕೊಟ್ಟು, 2024ರಲ್ಲಿ ಅದನ್ನು ಇನ್ನೂ ಐದು ವರ್ಷಕ್ಕೆ ವಿಸ್ತರಿಸಿದ್ದು ಇದೇ ಸರ್ಕಾರ. ಕೊಡುವ ಕೈಗೆ ಒಂದು ಷರತ್ತು ಹಾಕುವ ಹಕ್ಕೂ ಇರುತ್ತದೆ.

ಅದಕ್ಕೂ ಮೊದಲು ಸರ್ಕಾರ ತನ್ನ ಮನೆಯ ಜರಡಿ ನೋಡಿಕೊಳ್ಳಬೇಕು. ವರ್ಷಗಟ್ಟಲೆ ಅಧಿಸೂಚನೆ ಹೊರಡಿಸದೆ, ಆಮೇಲೆ ನಿಮಗೆ ವಯಸ್ಸಾಯಿತು ಎನ್ನುವುದು ಯಾವ ನ್ಯಾಯ? 2025ರಲ್ಲಿ ಧಾರವಾಡದ ಬೀದಿಗೆ ಇಳಿದ ಉದ್ಯೋಗಾಕಾಂಕ್ಷಿಗಳು ಕೇಳಿದ್ದು ಇದನ್ನೇ. 2024ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಂತೂ ಪ್ರಶ್ನೆಗಳ ಕನ್ನಡ ಅನುವಾದವೇ ತಪ್ಪಾಗಿ, ಡಿಸೆಂಬರ್‌ನಲ್ಲಿ ಮರುಪರೀಕ್ಷೆ ನಡೆಸಬೇಕಾಯಿತು. ಕನ್ನಡದ ಹುಡುಗರ ಕೌಶಲ್ಯ ಅಳೆಯಲು ಕೂತವರಿಗೆ ಕನ್ನಡವೇ ಬಾರದಿದ್ದರೆ, ಖಾಸಗಿಯವರಿಗೆ ಬುದ್ಧಿ ಹೇಳಲು ಯಾವ ಮುಖ ಉಳಿಯುತ್ತದೆ?

ಸ್ಥಳೀಯರ ಮಸೂದೆ ಇವತ್ತಲ್ಲ ನಾಳೆ ಮತ್ತೆ ಬರುತ್ತದೆ. ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಕೇಳಿದ ಸರೋಜಿನಿ ಮಹಿಷಿ ವರದಿಯ ಕಾಲದಿಂದ ಈ ಬೇಡಿಕೆ ಸತ್ತಿಲ್ಲ. ಆಗ ‘ಪ್ರತಿಭೆ’ ಎಂದು ಎದ್ದು ನಿಲ್ಲುವವರನ್ನು ಯಾರಾದರೂ ಒಂದು ಪ್ರಶ್ನೆ ಕೇಳಲಿ: ಕಳೆದ ಸಲದ ನೇಮಕಾತಿಯಲ್ಲಿ ನಿಮ್ಮ ಜರಡಿಯಿಂದ ಕೆಳಗೆ ಬಿದ್ದ ಅರ್ಜಿಗಳಲ್ಲಿ ಎಷ್ಟನ್ನು ತೆರೆದು ನೋಡಿದಿರಿ ಸ್ವಾಮಿ?